ಅಮ್ಮನ ಸಂಚಿಯಲ್ಲಿ ಮೂರು ದಿನ ಇದ್ದ ವಜ್ರ

ನನ್ನ ಅಕ್ಕನ ಮಗಳು ತನ್ನ ನಿಶ್ಚಿತಾರ್ಥದ ಉಂಗುರದ ಚಿತ್ರವನ್ನು, ಹುಡುಗ ಯಾರೆಂದು ಗೊತ್ತಾಗುವುದಕ್ಕೆ ಎರಡು ವರ್ಷ ಮೊದಲೇ ಬರೆದಿಟ್ಟುಕೊಂಡಿದ್ದಳು. ತುಮಕೂರಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಡ್ರಾಯಿಂಗ್ ಕಲಿಸುವ ಹುಡುಗಿ ಅವಳು. ಎರಡು ತುದಿಯೂ ಚೂಪಾಗಿ, ನಡು ಉಬ್ಬಿದ, ದೋಣಿಯಂಥ ಒಂದೇ ಒಂದು ವಜ್ರ. ಅದು ಬೆರಳಿನ ಉದ್ದಕ್ಕೆ ನಿಲ್ಲಬಾರದು, ಅಡ್ಡಡ್ಡ ಮಲಗಿರಬೇಕು. ಸುತ್ತ ಚಿಲ್ಲರೆ ಕಲ್ಲುಗಳ ಮೆರವಣಿಗೆ ಇರಕೂಡದು. ಹುಡುಗ ಸಿಕ್ಕಿದ ಮೇಲೆ ಅವನಿಗೆ ಇವಳು ಮೊದಲು ತೋರಿಸಿದ್ದು ತನ್ನ ಮುಖವನ್ನಲ್ಲ, ಪರ್ಸಿನಲ್ಲಿದ್ದ ಆ ಹಾಳೆಯನ್ನು ಎಂದು ನಾನು ಈಗಲೂ ರೇಗಿಸುವುದುಂಟು.

ಹುಡುಗ ಕುಣಿಗಲ್‌ನವನು. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಆಯ್ತು, ಹಿಂಗೇ ಮಾಡ್ಸೋಣ" ಅಂದನಂತೆ. ಬೇರೆ ಯಾರಾದರೂ ಆಗಿದ್ದರೆ ಯಾಕೆ ಹಿಂಗೆ ಎಂದು ಕೇಳುತ್ತಿದ್ದರು. ಅಲ್ಲಿಗೇ ಅವನು ನನಗೆ ಹಿಡಿಸಿಬಿಟ್ಟ.

ತೊಡಕು ಬಂದದ್ದು ಅವನ ತಾಯಿಯಿಂದ. ಆಕೆ ಒಳ್ಳೆಯ ಹೆಂಗಸು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಂದೆ ಅವರ ಮನೆಗೆ ಯಾವುದೋ ದೊಡ್ಡತ್ತೆಯ ಮೂಗುತಿಯಲ್ಲಿ ಕೂತು ಒಂದು ವಜ್ರ ಬಂದಿತ್ತಂತೆ. ಬಂದ ವಾರಕ್ಕೇ ಕೊಟ್ಟಿಗೆಯ ಎರಡು ಎಮ್ಮೆಗಳು ಹಾಲು ಬತ್ತಿಸಿಕೊಂಡವಂತೆ. ಆಕೆ ಅಕ್ಕನಿಗೆ ಫೋನು ಮಾಡಿ ಹೇಳಿದರು: "ನಮ್ದೇನೂ ತಕರಾರಿಲ್ಲ ಕಣಮ್ಮ. ಆದ್ರೆ ವಜ್ರ ಅಂದ್ರೆ ಆಗ್ಬರ್ಬೇಕು. ನಿಮ್ ತಾಯಿ ತಿಳ್ದೋರು, ಅವ್ರು ಮೂರು ದಿನ ಇಟ್ಕಂಡು ನೋಡ್ಲಿ. ಅವ್ರು ಸೈ ಅಂದ್ರೆ ನಮ್ದೂ ಸೈ. ಇಲ್ಲಾಂದ್ರೆ ಒಂದು ಕೆಂಪು ಹರಳಿನ ಉಂಗ್ರ ಮಾಡ್ಸಾಣ, ಅದ್ಕೇನಂತೆ?"

ವಜ್ರ ಎಲ್ಲರಿಗೂ ಆಗಿಬರುವುದಿಲ್ಲ ಎಂಬುದು ನಮ್ಮ ಕಡೆಯ ಹಿರಿಯರ ಮಾತು. ಆಗಿಬಂದರೆ ಮನೆಯನ್ನು ಎತ್ತುತ್ತದೆ, ಬರದಿದ್ದರೆ ಎತ್ತಿ ಕೆಡವುತ್ತದೆ. ಅದಕ್ಕೇ ಉಂಗುರಕ್ಕೋ ಓಲೆಗೋ ಕಟ್ಟಿಸುವ ಮೊದಲು ಬಿಡಿಗಲ್ಲನ್ನು ಮೂರು ದಿನ ಮನೆಯಲ್ಲಿಟ್ಟುಕೊಂಡು, ಒಳ್ಳೆಯದು ನಡೆಯುತ್ತದೋ ಕೆಟ್ಟದ್ದು ನಡೆಯುತ್ತದೋ ನೋಡುತ್ತಾರೆ. ಹಳೆಯ ಗಿರಾಕಿಗಳಿಗೆ ಅಂಗಡಿಯವರು ನಂಬಿಕೆಯ ಮೇಲೆ ಈಗಲೂ ಹಾಗೆ ಕೊಟ್ಟು ಕಳಿಸುತ್ತಾರೆ. ಹೀಗಾಗಿ ಎರಡು ವರ್ಷದ ಚಿತ್ರ ಗುಬ್ಬಿಯಲ್ಲಿರುವ ನನ್ನ ಅಮ್ಮನ ಕೈಗೆ ಹೋಗಿ ಬಿತ್ತು. ಆ ಕೈ ಎಂಥದೆಂದು ನನಗೆ ಗೊತ್ತಿತ್ತು. ಆಕೆ ಹೂಕೋಸು ಕೊಳ್ಳುವಾಗಲೂ ಪ್ರತಿ ಹೂವನ್ನು ಬಿಡಿಸಿ ಒಳಗೆ ಹುಳ ಇಲ್ಲವೆಂದು ನೋಡಿದ ಮೇಲೇ ಮಾತಾಡುವವಳು.

ಭಾನುವಾರ ಅಮ್ಮನನ್ನೂ ಅಕ್ಕನ ಮಗಳನ್ನೂ ಕರೆದುಕೊಂಡು ತುಮಕೂರಿನ ನಮ್ಮ ಮಾಮೂಲಿ ಒಡವೆ ಅಂಗಡಿಗೆ ಹೋದೆ. ಅಂಗಡಿಯ ಯಜಮಾನರು ಕಪ್ಪು ಮಖಮಲ್ಲಿನ ತಟ್ಟೆಯ ಮೇಲೆ ಒಂದೊಂದೇ ಉಂಗುರ ಇಡುತ್ತ ಹೋದರು.

"ಇದು ರೌಂಡ್ ಕಟ್ ಅಮ್ಮಾವ್ರೇ. ಐವತ್ತೇಳು ಮುಖ ಇರ್ತವೆ ಇದಕ್ಕೆ."

"ನಮ್ಮನೆ ಹುಡುಗ್ರಿಗೆ ಇರೋದೊಂದು ಮುಖ ತೊಳ್ಕಳಕ್ಕೇ ಪುರ್ಸೊತ್ತಿಲ್ಲ," ಎಂದಳು ಅಮ್ಮ.

ಚೌಕಾಕಾರದ್ದು ಬಂತು. ಅಮ್ಮನಿಗೆ ಅದು ಕಡಲೆಹಿಟ್ಟಿನ ಬರ್ಫಿಯಂತೆ ಕಂಡಿತು. ಉದ್ದನೆಯ ಎಮರಾಲ್ಡ್ ಕಟ್ ಬಂತು. ಒಳಗೆ ಕಲ್ಯಾಣಿಯ ಮೆಟ್ಟಿಲಿನ ಹಾಗೆ ಇಳಿದಿದೆ, ನೋಡಿದರೆ ಕಾಲು ಜಾರುತ್ತದೆ ಎಂದಳು. ಹೃದಯದಾಕಾರದ್ದನ್ನು ವೀಳ್ಯದೆಲೆ ಎಂದು ಕರೆದು, ಸುಣ್ಣ ಒಂದು ಕಮ್ಮಿ ಎಂದು ಸೇರಿಸಿದಳು. ಹನಿಯಾಕಾರದ್ದಕ್ಕೆ ಹೇಳಿದ್ದನ್ನು ನಾನು ಬರೆಯುವ ಹಾಗಿಲ್ಲ. ನೆಗಡಿಯಾದ ಮಕ್ಕಳ ಮೂಗಿಗೆ ಸಂಬಂಧಪಟ್ಟದ್ದು. ಯಜಮಾನರು ನಗುವುದೋ ಬೇಡವೋ ಎಂದು ತಿಳಿಯದೆ ಕನ್ನಡಕ ಒರೆಸಿಕೊಂಡರು.

ಕೊನೆಗೆ ಅಕ್ಕನ ಮಗಳು ಹೇಳಿದ್ದ ಕಲ್ಲು ಬಂತು. ಮಾರ್ಕೀಸ್ ಕಟ್ ಎನ್ನುತ್ತಾರೆ ಅದಕ್ಕೆ. ಇನ್ನೂ ಯಾವ ಚಿನ್ನದಲ್ಲೂ ಕೂರದ ಬಿಡಿಗಲ್ಲು, ಮಡಿಸಿದ ಬಿಳಿ ಕಾಗದದ ಪೊಟ್ಟಣದೊಳಗೆ. ಅದನ್ನು ನೋಡಿದ್ದೇ ಇವಳು ಎತ್ತಿ ತನ್ನ ಬೆರಳಿನ ಮೇಲೆ ಅಡ್ಡಡ್ಡ ಇಟ್ಟುಕೊಂಡಳು.

"ಸೌತೆಬೀಜ," ಎಂದಳು ಅಮ್ಮ.

"ಅಜ್ಜೀ!"

"ಸೌತೆಬೀಜ್ದಂಗೇ ಅದೆ, ನಾನೇನ್ ಮಾಡ್ಲಿ? ಅದ್ಯಾಕೆ ಅಡ್ಡ ಇಟ್ಕಂಡಿದೀಯ ಬೆರಳ ಮೇಲೆ?"

"ಅಡ್ಡವೇ ಕೂರ್ಬೇಕು ಅಜ್ಜಿ. ಅದೇ ಅದರ ಸ್ಟೈಲು. ಮಲಗಿದ್ ಥರ."

"ಯಾಕೆ, ಅದಕ್ಕೆ ಮೈ ಹುಷಾರಿಲ್ವಾ?"

ಕಲ್ಲನ್ನು ಹೇಗೆ ಕೂರಿಸಬೇಕೆಂಬುದಕ್ಕೆ ಇನ್ನೊಂದು ಸುತ್ತು ನಡೆಯಿತು. ನಾಲ್ಕು ಸಣ್ಣ ಉಗುರುಗಳಲ್ಲಿ ಹಿಡಿದುಕೊಳ್ಳುವ ಬಗೆಯನ್ನು ಅಮ್ಮ ಒಪ್ಪಲಿಲ್ಲ. ಸೀರೆಯ ನೂಲನ್ನೆಲ್ಲ ಎಳೆಯುತ್ತದೆ, ಹಿಟ್ಟು ಕಲಸಿದರೆ ಸಂದಿಯಲ್ಲಿ ಸೇರಿಕೊಳ್ಳುತ್ತದೆ. ಸುತ್ತಲೂ ಚಿನ್ನದ ಅಂಚು ಎತ್ತಿ ಕೂರಿಸುವುದು ಅವಳಿಗೆ ಸರಿ ಕಂಡಿತು, ಬಾವಿಗೆ ಕಟ್ಟೆ ಇದ್ದ ಹಾಗೆ. "ಕಟ್ಟೆ ಕಟ್ಟಿದ್ರೆ ಬೆಳಕು ಎಲ್ಲಿಂದ ಹೋಗುತ್ತೆ ಅಜ್ಜಿ?" ಎಂದು ಇವಳು ಮುಖ ಊದಿಸಿಕೊಂಡಳು. ಯಜಮಾನರು ಮಧ್ಯಸ್ಥಿಕೆ ಮಾಡಿದರು: ಈ ಕಲ್ಲಿಗೆ ಅಪಾಯವಿರುವುದು ಎರಡು ಚೂಪು ತುದಿಗಳಲ್ಲಿ, ಏಟು ಬಿದ್ದರೆ ಅಲ್ಲೇ ಚೂರು ಹಾರುವುದು, ಆ ತುದಿಗಳಿಗೆ ಮಾತ್ರ ಚಿನ್ನದ ಟೋಪಿ ಹಾಕಿ, ಹೊಟ್ಟೆಯನ್ನು ಎರಡೂ ಕಡೆ ತೆರೆದಿಡೋಣ. ಟೋಪಿ ಎಂಬ ಮಾತು ಅಮ್ಮನಿಗೆ ಹಿಡಿಸಿತು.

"ಕಟ್ಟೋಕೆ ನಾಲ್ಕು ದಿನ ಬೇಕು ಸಾರ್," ಎಂದು ಅವರು ನನಗೆ ಹೇಳಿದರು. "ಬರೋ ಬುಧವಾರದ ಮುಂದಿನ ಬುಧವಾರ ಅಲ್ವೇ ನಿಶ್ಚಿತಾರ್ಥ? ಶುಕ್ರವಾರ ಕಲ್ಲು ನನ್ನ ಕೈಗೆ ಬಂದ್ಬಿಡ್ಬೇಕು."

ಕಲ್ಲು ಗುಬ್ಬಿಗೆ ಹೋಯಿತು. ಅಲ್ಲಿ ಅಮ್ಮ ನನ್ನ ಅಣ್ಣ ಅತ್ತಿಗೆಯ ಜೊತೆ ಇದ್ದಾಳೆ. ನಿಯಮದ ಪ್ರಕಾರ ಉಂಗುರ ತೊಡುವವರೇ ಕಲ್ಲನ್ನು ಇಟ್ಟುಕೊಂಡು ನೋಡಬೇಕು. ಆದರೆ ಅಕ್ಕನ ಮಗಳಿಗೆ ಶಾಲೆ. ಚಾಕ್‌ಪೀಸು, ಬಣ್ಣದ ನೀರು, ಮೂವತ್ತು ಮಕ್ಕಳ ನಡುವೆ ವಜ್ರ ಹಿಡಿದುಕೊಂಡು ಓಡಾಡುವುದುಂಟೇ? ಅವಳ ಪರವಾಗಿ ಅಮ್ಮನೇ ಇಟ್ಟುಕೊಳ್ಳಲಿ ಎಂದಾಯಿತು. ಸೋಮವಾರ ಬೆಳಿಗ್ಗೆ ವಿಭೂತಿ ಗಟ್ಟಿಯ ಪಕ್ಕದಲ್ಲಿಟ್ಟು ಪೂಜೆ ಮಾಡಿ, ಅರಿಸಿನದ ಬಟ್ಟೆಯಲ್ಲಿ ಸುತ್ತಿ, ಅಮ್ಮ ಅದನ್ನು ತನ್ನ ಎಲೆ, ಅಡಿಕೆ, ಕಡ್ಡಿಪುಡಿಯ ಸಂಚಿಯೊಳಗೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಲ್ಲು ಮೈಗೆ ತಾಗಿಯೇ ಇರಬೇಕಂತೆ.

ಒಂಬತ್ತು ಗಂಟೆಗೆ ಹಾಲು ಒಡೆಯಿತು. ಒಂಬತ್ತೂವರೆಗೆ ಬೀದಿಗೆ ಇಳಿದರೆ ಚಪ್ಪಲಿಯ ಉಂಗುಷ್ಟ ಕಿತ್ತುಬಂತು. ಹತ್ತು ಗಂಟೆಗೆ ಅಮ್ಮ ಮೊಮ್ಮಗಳಿಗೆ ಫೋನು ಮಾಡಿದಳು: "ಎರಡಾಯ್ತು ಕಣವ್ವ. ಮೂರ್ನೇದು ಏನಾರ ಆಯ್ತು ಅಂದ್ರೆ ಇವತ್ತೇ ವಾಪಸ್ ಕಳಿಸ್ತೀನಿ. ಕೆಂಪಿನ ಉಂಗ್ರವೂ ಚೆನ್ನಾಗಿರ್ತದೆ ಬುಡು."

ಹತ್ತು ಗಂಟೆ ಐದು ನಿಮಿಷಕ್ಕೆ ನನ್ನ ಫೋನು ಹೊಡೆದುಕೊಂಡಿತು. ಆಗ ನನಗೆ ರಜೆ. ತುಮಕೂರಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಲ್ಯಾಬ್ ನೋಡಿಕೊಳ್ಳುವ ಕೆಲಸ ನನ್ನದು. ಅಲ್ಲೇ ಸದಾಶಿವನಗರದ ಮನೆಯ ವರಾಂಡದಲ್ಲಿ ಕಾಲು ಚಾಚಿ ಕೂತಿದ್ದೆ.

"ಮಾಮ, ಏನಾದ್ರೂ ಮಾಡಿ."

"ಹಾಲು ಒಡೆದದ್ದಕ್ಕೆ ನಾನೇನ್ ಮಾಡ್ಲೇ?"

"ಏನಾದ್ರೂ ಒಳ್ಳೇದಾಗೋ ಥರ ಮಾಡಿ. ಆ ಕಲ್ಲಿಗೆ ನಾನು ಎರಡು ವರ್ಷ ಕಾದಿದೀನಿ. ಹುಡುಗನಿಗೂ ಇಷ್ಟು ಕಾದಿಲ್ಲ."

"ಒಳ್ಳೇದು ತಾನಾಗೇ ಆಗ್ಬೇಕು ಕಣೇ. ನಾವು ಮಾಡೋದಲ್ಲ."

"ತಾನಾಗೇ ಆದಂಗೆ ಮಾಡಿ ಮಾಮ."

ಹೇಳುವುದು ಎಷ್ಟು ಸುಲಭ ನೋಡಿ. ಆದರೆ ಆ ಹುಡುಗಿಯ ದನಿ ಒಡೆದ ಹಾಲಿಗಿಂತ ಕೆಟ್ಟಿತ್ತು. ಟೂಲ್ ಕಿಟ್ ಬೈಕಿಗೆ ಕಟ್ಟಿಕೊಂಡು ಗುಬ್ಬಿಗೆ ಹೊರಟೆ. ಇರಲಾರದೆ ಇರುವೆ ಬಿಟ್ಟುಕೊಂಡರು ಎಂಬ ಗಾದೆ ಅರ್ಧ ದಾರಿಯಲ್ಲೇ ನೆನಪಿಗೆ ಬಂತು. ಆದರೂ ಬೈಕು ತಿರುಗಿಸಲಿಲ್ಲ.

ಹಿತ್ತಲ ಬಾಗಿಲಲ್ಲಿ ಅತ್ತಿಗೆಯನ್ನು ಹಿಡಿದು ವಿಷಯ ಹೇಳಿದೆ. ಅವರು ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟು, "ಒಳ್ಳೇದು ಆಗ್ಬೇಕಾ? ಮೊದ್ಲು ಆ ಸಂಪಿನ ಮೋಟ್ರು ನೋಡು. ನಾಲ್ಕು ತಿಂಗ್ಳಿಂದ ಗುಂಯ್ ಅಂತದೆ, ತಿರುಗಲ್ಲ. ಊರೋರ್ ಮಕ್ಳಿಗೆಲ್ಲ ಮೋಟ್ರು ಬಿಚ್ಚಿ ಕಟ್ಟೋದ್ ಕಲಿಸ್ತೀಯ, ನಮ್ಮನೇಲಿ ಬಕೆಟ್ಟು ಹೊತ್ತು ಹೊತ್ತು ನನ್ ತೋಳು ಇಳ್ದೋಗದೆ," ಎಂದರು.

ಕೆಪಾಸಿಟರ್ ಹೋಗಿತ್ತು, ಅಷ್ಟೇ. ಎರಡು ಅಪಶಕುನದ ದೆಸೆಯಿಂದ ಅಮ್ಮ ಮತ್ತೊಮ್ಮೆ ತಲೆಗೆ ಸ್ನಾನಕ್ಕೆ ಹೋದದ್ದನ್ನು ನೋಡಿಕೊಂಡು ಹತ್ತು ನಿಮಿಷದಲ್ಲಿ ಹೊಸದು ಹಾಕಿ, ಕಾಂಪೌಂಡ್ ಹೊರಗೆ ಹೋಗಿ ನಿಂತೆ. ಅತ್ತಿಗೆ ಸ್ವಿಚ್ ಒತ್ತಿ ಕೂಗಿದರು. ಆ ನಟನೆಗೆ ಈಗಲೂ ಕೈ ಮುಗಿಯುತ್ತೇನೆ.

"ಅತ್ತೇ! ಮೋಟ್ರು! ತಾನಾಗೇ ಓಡ್ತಾ ಅದೆ ಅತ್ತೇ!"

ಅಮ್ಮ ಒದ್ದೆ ಕೂದಲಿನಲ್ಲೇ ಬಂದು ಮೇಲಿನ ಟ್ಯಾಂಕಿಗೆ ನೀರು ಬೀಳುವ ಸದ್ದನ್ನು ಕಿವಿಗೊಟ್ಟು ಕೇಳಿದಳು. ಕೈ ಸೊಂಟದ ಸಂಚಿಗೆ ಹೋಯಿತು. ಆಮೇಲೆ ಆಗಷ್ಟೇ ಬಂದವನ ಹಾಗೆ ನಾನು ಗೇಟು ತೆಗೆದು ಒಳಗೆ ಬಂದೆ.

"ಬಂದ್ಯಾ? ನಿನ್ ಮುಖಕ್ಕೆ ಕಾಯ್ಕಂಡಿದ್ರೆ ಇನ್ನೂ ನಾಲ್ಕು ತಿಂಗ್ಳು ಬೇಕಿತ್ತು. ನೋಡು, ಕಲ್ಲಿನ ಗುಣ!"

ಮಂಗಳವಾರ ಗ್ರೈಂಡರ್ ಸರದಿ. ಬೆಲ್ಟು ಹರಿದು, ಮೋಟಾರು ತಿರುಗಿದರೂ ರುಬ್ಬುಗಲ್ಲು ತಿರುಗುತ್ತಿರಲಿಲ್ಲ. ಅದೂ ತಾನಾಗೇ ಸರಿಹೋಯಿತು. ಕೆಟ್ಟುಹೋಗಿದ್ದ ಬಾಗಿಲ ಗಂಟೆ ಮತ್ತೆ ಸದ್ದು ಮಾಡಿತು, ತಾನಾಗೇ. ವರಾಂಡದ ಟ್ಯೂಬ್‌ಲೈಟು ಮಿಣುಕುವುದನ್ನು ನಿಲ್ಲಿಸಿತು, ತಾನಾಗೇ. ಕೈಗೆ ರುಚಿ ಹತ್ತಿಬಿಟ್ಟಿತ್ತು ನನಗೆ. ಅಮ್ಮ ಒಂದೊಂದಕ್ಕೂ ಸಂಚಿ ಮುಟ್ಟಿಕೊಂಡು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಅಣ್ಣ ಮಾತ್ರ ಊಟಕ್ಕೆ ಕೂತಾಗ, "ಈ ಕಲ್ಲಿಗೆ ಐಟಿಐ ಆಗಿರೋ ಹಂಗದೆ," ಎಂದು ತಟ್ಟೆಗೆ ಹೇಳಿಕೊಂಡ.

ಅಷ್ಟಕ್ಕೇ ನಿಲ್ಲಿಸಿದ್ದರೆ ಏನೂ ತೊಂದರೆ ಇರುತ್ತಿರಲಿಲ್ಲ. ಬುಧವಾರ ನನಗೆ ಇನ್ನೂ ದೊಡ್ಡದು ಮಾಡಬೇಕೆನಿಸಿತು.

ಸಿ.ಎಸ್. ಪುರದಲ್ಲಿ ನನ್ನ ಚಿಕ್ಕಮ್ಮ ಇದ್ದಾಳೆ, ಅಮ್ಮನ ಒಬ್ಬಳೇ ತಂಗಿ. ಇಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಅಣ್ಣನ ಮನೆಯ ಗೃಹಪ್ರವೇಶದಲ್ಲಿ ತಾಂಬೂಲದ ಜೊತೆ ಬಂದವರಿಗೆಲ್ಲ ಸ್ಟೀಲ್ ಡಬ್ಬಿ ಕೊಟ್ಟು, ಡಬ್ಬಿ ಮುಗಿದುಹೋದದ್ದರಿಂದ ಕೊನೆಗೆ ನಿಂತಿದ್ದ ಚಿಕ್ಕಮ್ಮನಿಗೆ ಬರೀ ರವಿಕೆ ಕಣ ಕೊಟ್ಟಿದ್ದರು. ಸ್ವಂತ ತಂಗಿ, ಹೊರಗಿನವರಿಗೆ ಮೊದಲು ಕೊಟ್ಟೆ, ಅರ್ಥ ಮಾಡಿಕೊಳ್ಳುತ್ತಾಳೆ ಎಂದುಕೊಂಡಿದ್ದಳು ಅಮ್ಮ. ಅವಳು ಅರ್ಥ ಮಾಡಿಕೊಂಡದ್ದೇ ಬೇರೆ.

ಗುಬ್ಬಿಯ ಪಾತ್ರೆ ಅಂಗಡಿಯಲ್ಲಿ ಒಂದು ಸ್ಟೀಲ್ ಡಬ್ಬಿ ಕೊಂಡು ಸಿ.ಎಸ್. ಪುರದ ದಾರಿ ಹಿಡಿದೆ. ಚಿಕ್ಕಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು.

"ಅಮ್ಮ ನಿನ್ನ ನೆನೆಸ್ಕಂಡು ನೆನೆಸ್ಕಂಡು ಕಣ್ಣೀರ್ ಹಾಕ್ತಾಳೆ ಚಿಕ್ಕಮ್ಮ."

"ಹಾಕ್ಲಿ ಬುಡು. ಡಬ್ಬಿ ಕೊಡೋವಾಗ ಎಲ್ಲೋಗಿತ್ತು ನೆನಪು?"

"ಆ ಡಬ್ಬಿ ಆವತ್ತೇ ನಿಂಗೆ ಅಂತ ಎತ್ತಿಟ್ಟವ್ಳೆ. ಕೊಡಕ್ಕೆ ನೀನೇ ನಿಲ್ಲಲಿಲ್ಲ." ಚೀಲದಿಂದ ಡಬ್ಬಿ ತೆಗೆದು ಮುಂದಿಟ್ಟೆ. ತಳದಲ್ಲಿದ್ದ ಅಂಗಡಿಯ ಸ್ಟಿಕ್ಕರ್ ದಾರಿಯಲ್ಲೇ ಕಿತ್ತುಹಾಕಿದ್ದೆ. ನನ್ನ ಬುದ್ಧಿ ಅಷ್ಟರಮಟ್ಟಿಗೆ ಓಡುತ್ತದೆ.

ಅವಳು ಡಬ್ಬಿಯ ಮುಚ್ಚಳ ತೆಗೆದಳು, ಹಾಕಿದಳು. ಇನ್ನೊಂದು ಸಲ ತೆಗೆದಳು. ಸೀರೆ ಬದಲಾಯಿಸಿ ಬರುತ್ತೇನೆಂದು ಒಳಗೆ ಹೋದಳು.

ಮಧ್ಯಾಹ್ನ ನನ್ನ ಬೈಕಿನ ಹಿಂದಿನಿಂದ ಒಂದು ಚೀಲ ಅವರೆಕಾಯಿಯೊಂದಿಗೆ ಚಿಕ್ಕಮ್ಮ ಇಳಿದಾಗ ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಯಾಕೆ ಇಷ್ಟು ಸಣ್ಗಾಗಿದೀಯ?" ಎಂದಳು ಅಮ್ಮ.

"ನೀನೂ ಕೂತ್ಕಂಡು ದಪ್ಪ ಆಗಿಲ್ಲ," ಎಂದಳು ಚಿಕ್ಕಮ್ಮ.

ಆಮೇಲೆ ಇಬ್ಬರೂ ಒಳಗೆ ಹೋಗಿ ಅವರೆಕಾಳಿನ ಸಾರಿಗೆ ಮಸಾಲೆ ಎಷ್ಟು ಹಾಕಬೇಕೆಂದು ಜಗಳ ಶುರು ಮಾಡಿದರು. ನಾನು ಅವತ್ತು ಬಹಳ ದೊಡ್ಡ ಮನುಷ್ಯ ಅನ್ನಿಸಿಕೊಂಡೆ, ನನ್ನ ಕೈಯಲ್ಲೇ.

ಗುರುವಾರ ಬೆಳಿಗ್ಗೆ ತೀರ್ಪು. ಅಮ್ಮ ಪೂಜೆ ಮುಗಿಸಿ, ನಡುಮನೆಯ ಚಾಪೆಯ ಮೇಲೆ ಕೂತು, ಸಂಚಿ ಬಿಚ್ಚಿ ಪೊಟ್ಟಣವನ್ನು ಅಂಗೈಯಲ್ಲಿಟ್ಟುಕೊಂಡಳು. ನಾನು ಅಕ್ಕನ ಮಗಳಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ.

"ಕಲ್ಲು ಆಗ್ಬಂತು," ಎಂದಳು ಅಮ್ಮ.

ಫೋನಿನೊಳಗಿಂದ ಒಂದು ಕಿರುಚು ಬಂತು.

"ನಂಗೆ," ಎಂದಳು ಅಮ್ಮ.

"ಅಂದ್ರೆ?"

"ಅಂದ್ರೆ ನಂಗೆ ಆಗ್ಬಂತು. ಮೂರು ದಿನ ನನ್ ಮೈಮೇಲಿತ್ತು. ಮೋಟ್ರು ಓಡ್ತು, ಗ್ರೈಂಡ್ರು ತಿರುಗ್ತು, ಎರಡು ವರ್ಷದಿಂದ ಮುಖ ತೋರಿಸ್ದಿದ್ದೋಳು ಅವರೆಕಾಯಿ ಹೊತ್ಕಂಡು ಬಂದ್ಳು. ಹಿಂಗೆ ಒಬ್ರಿಗೆ ಆಗ್ಬಂದಿದ್ದನ್ನ ಇನ್ನೊಬ್ರಿಗೆ ಕೊಟ್ರೆ ಇಬ್ರಿಗೂ ಒಳ್ಳೇದಲ್ಲ. ನಾನು ಮೂಗ್ಬೊಟ್ಟು ಮಾಡಿಸ್ಕೊಂತೀನಿ. ಆ ಅಂಗಡಿಯೋನಿಗೆ ಹೇಳು, ಮಗೀಗೆ ಇನ್ನೊಂದು ಸೌತೆಬೀಜ ಕೊಡ್ಲಿ."

ಇನ್ನೊಂದು ಸೌತೆಬೀಜ ಅಂಗಡಿಯಲ್ಲಿ ಇರಲಿಲ್ಲ. ಅದನ್ನೇ ಹೇಳಿ ತರಿಸಿಕೊಟ್ಟಿದ್ದರು ಯಜಮಾನರು. ಇದ್ದಿದ್ದರೂ ಅದಕ್ಕೆ ಮತ್ತೆ ಮೂರು ದಿನದ ಪರೀಕ್ಷೆ, ಮತ್ತೆ ಯಾರ ಸಂಚಿಯಲ್ಲೋ. ಸಾಲದ್ದಕ್ಕೆ, ಮುಂಗಡ ಕೊಟ್ಟು ಈ ಕಲ್ಲನ್ನು ಹಿಡಿದಿಟ್ಟದ್ದು ಕುಣಿಗಲ್ ಹುಡುಗ. ಗಂಡಿನವರ ಉಂಗುರದ ಕಲ್ಲು ಹೆಣ್ಣಿನ ಅಜ್ಜಿಯ ಮೂಗಿಗೆ ಹೋಯಿತೆಂದರೆ ಬೀಗರಿಗೆ ಏನೆಂದು ಹೇಳುವುದು?

ಕಟ್ಟಿದ್ದನ್ನು ಬಿಚ್ಚುವುದಷ್ಟೇ ಉಳಿದ ದಾರಿ ಎಂದುಕೊಂಡೆ. ಒಳ್ಳೆಯದನ್ನು ಮಾಡಲು ಬರುತ್ತಿತ್ತು, ಕೆಟ್ಟದ್ದನ್ನು ಮಾಡಲು ಬರುವುದಿಲ್ಲವೇ? ಮೋಟಾರಿನ ಒಂದು ತಂತಿ ಸಡಿಲಿಸಿದೆ. ಸ್ವಿಚ್ ಒತ್ತಿದರೆ ಏನೂ ಇಲ್ಲ. ಅಮ್ಮ ನನ್ನ ಕಡೆ ತಿರುಗಿ, "ಕಲ್ಲು ಸರಿಮಾಡಿತ್ತು, ನೀನು ಇಲ್ಲಿ ಓಡಾಡಿ ಓಡಾಡಿ ಕೆಟ್ಟೋಯ್ತು. ನಿನ್ ಕಾಲ್ಗುಣ," ಎಂದಳು. ಅವಳ ಕನ್ನಡಕ ತೆಗೆದು ಹಾಸಿಗೆಯ ಸಂದಿಯಲ್ಲಿ ತುರುಕಿದೆ. ಅದನ್ನು ಹುಡುಕುವಾಗ ಅವಳ ಕೈಗೆ ಹೋದ ಶಿವರಾತ್ರಿಯಿಂದ ಕಾಣೆಯಾಗಿದ್ದ ಬೆಳ್ಳಿಯ ಸುಣ್ಣದ ಡಬ್ಬಿ ಸಿಕ್ಕಿತು. "ನೋಡಿದ್ಯಾ?" ಎಂದು ಅದನ್ನು ನನ್ನ ಮೂಗಿನ ಮುಂದೆ ಹಿಡಿದು ತೋರಿಸಿ, ಸಂಚಿಗೆ ಇನ್ನೊಂದು ಸಲ ನಮಸ್ಕಾರ ಮಾಡಿದಳು. ಚಿಕ್ಕಮ್ಮ ಊರಿಗೆ ಹೊರಟರೆ ಅದಾದರೂ ಒಂದು ಅಪಶಕುನ ಆಗುತ್ತಿತ್ತು. ಅವಳು ಇನ್ನೆರಡು ದಿನ ಇರುತ್ತೇನೆಂದು ಕೂತುಬಿಟ್ಟಳು.

ಶುಕ್ರವಾರ ಬೆಳಿಗ್ಗೆ ಅಂಗಡಿಯ ಯಜಮಾನರ ಫೋನು ಬಂತು. "ಸಾರ್, ಇವತ್ತು ಸಂಜೆ ಒಳಗೆ ಬರ್ಲಿಲ್ಲಾಂದ್ರೆ ನಮ್ ಕೆಲಸದೋರು ಬೇರೇದು ಹಿಡಿದ್ಬಿಡ್ತಾರೆ." ಅದರ ಹಿಂದೆಯೇ ಶಾಲೆಗೆ ರಜೆ ಹಾಕಿ ಬಸ್ಸಿನಲ್ಲಿ ಅಕ್ಕನ ಮಗಳು ಬಂದಳು. ಅಳುತ್ತಾ ಬರುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಚಾಪೆಯ ಮೇಲೆ ಅಜ್ಜಿಯ ಎದುರು ಕೂತು ನನ್ನನ್ನು ನೋಡಿದಳು. ಆ ನೋಟ ತಡೆಯಲಾಗಲಿಲ್ಲ ನನಗೆ.

ಒಪ್ಪಿಕೊಂಡೆ. ಕೆಪಾಸಿಟರ್, ಬೆಲ್ಟು, ಗಂಟೆ, ಟ್ಯೂಬ್‌ಲೈಟು, ಎಲ್ಲ ನಾನೇ. ಚಿಕ್ಕಮ್ಮನ ಡಬ್ಬಿ ಗುಬ್ಬಿಯ ಅಂಗಡಿಯದ್ದು.

"ಆವತ್ತೇ ಎತ್ತಿಟ್ಟಿದ್ದು ಅಂದ್ಯಲ್ಲೋ ಮುಂಡೇದೇ!" ಎಂದು ಒಳಗಿನಿಂದ ಚಿಕ್ಕಮ್ಮನ ಕೂಗು ಬಂತು.

"ಎತ್ತಿಡ್ಬೇಕು ಅಂದ್ಕಂಡಿದ್ದೆ ಕಣೇ, ಮುಗ್ದೋಗಿತ್ತು," ಎಂದಳು ಅಮ್ಮ ಅತ್ತ ತಿರುಗಿ. ಆಮೇಲೆ ಒಂದು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ, ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

"ಲೇ, ಮೋಟ್ರು ಕೆಟ್ಟು ಎಷ್ಟು ದಿನ ಆಗಿತ್ತು?"

"ನಾಲ್ಕು ತಿಂಗ್ಳು."

"ನಾನು ನಿಂಗೆ ಫೋನ್ ಮಾಡಿದ್ನೋ ಇಲ್ವೋ?"

"ಮಾಡಿದ್ದೆ."

"ಬಂದ್ಯಾ?"

"ಇಲ್ಲ."

"ಎಷ್ಟು ಸಲ ಮಾಡಿದ್ದೆ?"

"ಹತ್ತು ಸಲ ಮಾಡಿರ್ಬೇಕು."

"ಈ ಕಲ್ಲು ಮನೆ ಹೊಸ್ಲು ದಾಟಿದ್ ದಿವ್ಸವೇ ಬಂದೆ. ಕರೀದೇ ಬಂದೆ. ಮೂರು ದಿನ ನಾಯಂಗೆ ಕೆಲ್ಸ ಮಾಡ್ದೆ. ಸಿ.ಎಸ್. ಪುರಕ್ಕೋಗಿ ನನ್ ತಂಗೀನ ಕರ್ಕಂಡ್ ಬಂದೆ." ಅಮ್ಮ ಪೊಟ್ಟಣವನ್ನು ಎತ್ತಿ ಹಿಡಿದಳು. "ಮೋಟ್ರು ಓಡ್ಸೋದೇನು ದೊಡ್ದು? ಯಾವ ಮೆಕ್ಯಾನಿಕ್ಕಾದ್ರೂ ಓಡಿಸ್ತಾನೆ. ನಿನ್ನಂಥ ಮೈಗಳ್ಳನ್ನ ಓಡಿಸ್ತಲ್ಲ, ಇದಕ್ಕಿಂತ ಒಳ್ಳೇ ಕಲ್ಲು ಎಲ್ಲದೆ?"

ಅಡಿಗೆಮನೆಯಲ್ಲಿ ಅತ್ತಿಗೆ ನಕ್ಕು ನಕ್ಕು ಸೌಟು ಬೀಳಿಸಿದರು. ಲ್ಯಾಬಿನಲ್ಲಿ ಹುಡುಗರು ತಪ್ಪು ಸಂಪರ್ಕ ಕೊಟ್ಟೂ ಬಲ್ಬು ಉರಿಸಿಬಿಡುತ್ತಾರೆ, ಅದನ್ನು ತಪ್ಪು ಎಂದು ಹೇಗೆ ತೋರಿಸುವುದೋ ತಿಳಿಯುವುದಿಲ್ಲ. ನನಗೂ ಹಾಗಾಯಿತು.

ಅಕ್ಕನ ಮಗಳು ಅಜ್ಜಿಯ ಹತ್ತಿರ ಜರುಗಿದಳು.

"ಅಜ್ಜಿ, ನೀವು ಹೇಳೋದು ಸರಿ. ಮಾಮನ್ನ ಓಡ್ಸಿದ್ದು ಕಲ್ಲೇ. ಆದ್ರೆ ಯಾಕೆ ಓಡಿದ್ರು? ನಂಗೆ ಉಂಗ್ರ ಆಗ್ಲಿ ಅಂತ. ಈಗ ನೀವು ಮೂಗುಬೊಟ್ಟು ಮಾಡಿಸ್ಕೊಂಡ್ರಿ ಅನ್ಕೊಳಿ. ಉಂಗ್ರ ಇಲ್ಲ. ಮಾಮ ಇನ್ಯಾಕೆ ಬರ್ತಾರೆ? ಮತ್ತೆ ಹತ್ತು ಸಲ ಫೋನು."

ಅಮ್ಮನ ದವಡೆ ನಿಂತಿತು.

"ಅದೇ ನಂಗೆ ಕೊಟ್ರೆ," ಎಂದು ಇವಳು ಮುಂದುವರಿಸಿದಳು, "ಮಾಮ ನಿಮಗೆ ಮಾತು ಕೊಡ್ತಾರೆ. ತಿಂಗಳಿಗೆ ಎರಡು ಭಾನುವಾರ ಬರ್ತಾರೆ. ಟೂಲ್ ಕಿಟ್ ತಗೊಂಡು. ಅಲ್ವಾ ಮಾಮ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ, "ಮೂರು ಭಾನುವಾರ," ಎಂದಳು.

"ಎರಡು ಅಜ್ಜಿ. ಪಾಪ, ಅವರಿಗೂ ಮನೆ ಇದೆ."

"ಎರಡು. ಜೊತೆಗೆ ಹಬ್ಬಗಳು."

"ಆಯ್ತು, ಹಬ್ಬಗಳು."

ನನ್ನನ್ನು ನನ್ನ ಕಣ್ಣೆದುರಿಗೇ ಮಾರಿದರು. ಅಕ್ಕನ ಮಗಳ ಕಣ್ಣಲ್ಲಿ ನೀರು ತುಂಬಿಕೊಂಡದ್ದು ಆಗ. ಅದಕ್ಕೇ ನಾನು ತಲೆಯಾಡಿಸಿಬಿಟ್ಟೆ. ವಿಭೂತಿ ಗಟ್ಟಿಯ ಮೇಲೆ ಕೈ ಇಡಿಸಿ ಮಾತು ತೆಗೆದುಕೊಂಡ ಮೇಲೆ ಅಮ್ಮ ಪೊಟ್ಟಣವನ್ನು ಮೊಮ್ಮಗಳ ಕೈಗೆ ಹಾಕಿದಳು. ಹಾಕುವಾಗ ಒಂದು ಕ್ಷಣ ಬೆರಳು ಸಡಿಲಿಸದೆ ಹಿಡಿದುಕೊಂಡಿದ್ದಳು. ಅವಳ ಕೊನೆಯ ಕಾಲದ ಮೂಗುಬೊಟ್ಟಿನ ಆಸೆಯೋ, ಮೊಮ್ಮಗಳ ಕೈಯೋ, ಯಾವುದನ್ನು ಹಿಡಿದಿದ್ದಳೋ ನಾನು ಕೇಳಲಿಲ್ಲ.

ಸಂಜೆ ಅಂಗಡಿಯಲ್ಲಿ ಯಜಮಾನರು ಪೊಟ್ಟಣ ಬಿಚ್ಚಿ ಮೂಸಿ ನೋಡಿದರು. ಬಿಳಿಯ ಕಾಗದ ಅರ್ಧ ಹಳದಿ, ಅರ್ಧ ಕೆಂಪು. "ಕಡ್ಡಿಪುಡಿ ವಾಸನೆ ಬರ್ತಿದೆಯಲ್ಲ ಸಾರ್?" ಎಂದರು. ಪರೀಕ್ಷೆ ಬಹಳ ಕಟ್ಟುನಿಟ್ಟಾಗಿ ನಡೆಯಿತು ಎಂದೆ. ಅವರು ಕಲ್ಲನ್ನು ತೊಳೆದು, ಕಣ್ಣಿಗೆ ಮಸೂರ ಹಚ್ಚಿ ಎರಡು ತುದಿಯನ್ನೂ ನೋಡಿ, ಏನೂ ಆಗಿಲ್ಲವೆಂದು ತಲೆಯಾಡಿಸಿದರು.

ಮುಂದಿನ ಬುಧವಾರ ಕುಣಿಗಲ್‌ನ ಹುಡುಗನ ಮನೆಯಲ್ಲೇ ನಿಶ್ಚಿತಾರ್ಥ. ಉಂಗುರ ಅವಳು ಬರೆದ ಹಾಗೇ ಬಂದಿತ್ತು. ಅಡ್ಡಡ್ಡ ಮಲಗಿದ ಒಂದೇ ಕಲ್ಲು, ಎರಡು ತುದಿಗೂ ಸಣ್ಣ ಚಿನ್ನದ ಟೋಪಿ, ಮಿಕ್ಕದ್ದೆಲ್ಲ ಬೆಳಕು. ಹುಡುಗ ಅದನ್ನು ಬೆರಳಿಗೆ ಏರಿಸಿದಾಗ ಅವಳು ಹುಡುಗನನ್ನು ನೋಡದೆ ಉಂಗುರವನ್ನೇ ನೋಡಿದಳು, ಅವನೂ ಉಂಗುರವನ್ನೇ ನೋಡಿದ, ಫೋಟೋದವನು "ಇಬ್ರೂ ಇತ್ಲಾಗೆ ನೋಡಿ" ಎಂದು ಮೂರು ಸಲ ಕೂಗಬೇಕಾಯಿತು.

ಊಟವಾದ ಮೇಲೆ ಹುಡುಗನ ತಾಯಿ ಅಮ್ಮನ ಪಕ್ಕ ಬಂದು ಕೂತರು.

"ಕಲ್ಲು ಹೆಂಗೆ ಆಗ್ಬಂತು ಅಂತ ನೀವು ಹೇಳ್ಲೇ ಇಲ್ಲ?"

ಅಮ್ಮ ಒಂದನ್ನೂ ಬಿಡದೆ ಹೇಳಿದಳು. ಕೆಪಾಸಿಟರ್‌ನಿಂದ ಹಿಡಿದು ಸ್ಟೀಲ್ ಡಬ್ಬಿಯವರೆಗೆ. ನಾನು ಅಲ್ಲೇ ಕೊನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ತಲೆ ತಗ್ಗಿಸಿ ಒಬ್ಬಟ್ಟಿಗೆ ತುಪ್ಪ ಸವರುತ್ತಿದ್ದೆ. ಹುಡುಗನ ತಾಯಿ ಬಾಯಿ ತೆರೆದುಕೊಂಡು ಕೇಳಿ, ನನ್ನನ್ನು ಕಾಲಿನಿಂದ ತಲೆಯವರೆಗೆ ಒಂದು ಸಲ ಅಳೆದರು.

"ನಮ್ಮನೆ ಸೋಲಾರ್ ಆರು ತಿಂಗ್ಳಿಂದ ಬಿಸ್ನೀರೇ ಕೊಡ್ತಿಲ್ಲ," ಎಂದರು. "ಕಲ್ಲು ಈಗ ನಮ್ಮನೇದಾಯ್ತಲ್ಲ. ಅದ್ರ ಜೊತೆ..."

"ಕಲ್ಲು ನಿಮ್ದು ಬೀಗ್ರೇ," ಎಂದಳು ಅಮ್ಮ ಥಟ್ಟನೆ. "ಇವ್ನು ನಮ್ಮೋನು."

ಹುಡುಗನ ತಾಯಿಯ ಮುಖ ಇಳಿಯಿತು. ಅಮ್ಮನಿಗೆ ಮೊದಲ ದಿನವೇ ಬೀಗರ ಮುಖ ಇಳಿಸಿದ್ದು ಸರಿ ಕಾಣಲಿಲ್ಲವೆಂದು ತೋರುತ್ತದೆ.

"ಬೇಕಾದ್ರೆ ಒಂದು ಭಾನುವಾರ ಕಳಿಸ್ತೀನಿ. ಮಧ್ಯಾಹ್ನ ಊಟ ಹಾಕಿ, ಬಿಸ್ಲಿಳಿಯೋದ್ರೊಳಗೆ ವಾಪಸ್ ಕಳಿಸ್ಬೇಕು."

"ಅದ್ಕೇನಂತೆ? ಮುದ್ದೆ ಹಾಕಿ ಕಳಿಸ್ತೀನಿ."

ಯಾವ ಭಾನುವಾರ ಎಂದು ಗೊತ್ತುಮಾಡಲು ಇಬ್ಬರೂ ಎದ್ದು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದರು. ಅಕ್ಕನ ಮಗಳು ಉಂಗುರದ ಬೆರಳಿನಿಂದಲೇ ಒಂದು ತಾರೀಖು ಮುಟ್ಟಿ ತೋರಿಸಿದಳು. ಅವತ್ತು ನನಗೆ ಬಿಡುವು ಇದೆಯೋ ಇಲ್ಲವೋ ಎಂದು ಅವರಲ್ಲಿ ಯಾರೂ ಕೇಳಲಿಲ್ಲ.